ಮಿದುಳಿನ ಲಯ, ಗಣಕ ಮಾದರಿ ಮತ್ತು ನಮ್ಮ ಅವಲೋಕನ ಪುಸ್ತಕ

ಕಳೆದ ಸಾಲಿನ ಬೋಧನಾಭ್ಯಾಸದ ಎರಡನೆಯ ವಾರ. ಹತ್ತನೆಯ ತರಗತಿಯ ಕೊನೆಯ ಬೆಂಚಿನಲ್ಲಿ ಅವಲೋಕನ ಪುಸ್ತಕ ಹಿಡಿದು ಕುಳಿತಿದ್ದೆ. ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರು ನರವ್ಯೂಹದ ಪಾಠ ಮಾಡುತ್ತಿದ್ದರು. ಹಲಗೆಯ ಪಕ್ಕದಲ್ಲಿ ಒಂದು ಚಾರ್ಟ್. ಅದರ ಮೇಲೆ ನಾಲ್ಕು ಬಣ್ಣಗಳಲ್ಲಿ ನಾಲ್ಕು ಅಲೆಗಳು: ಡೆಲ್ಟಾ, ಥೀಟಾ, ಆಲ್ಫಾ, ಬೀಟಾ. ಒಂದೊಂದರ ಮುಂದೆ ಒಂದೊಂದು ಪದ: ನಿದ್ರೆ, ಕನಸು, ಶಾಂತಿ, ಚಿಂತೆ. "ಓದುವಾಗ ಮನಸ್ಸನ್ನು ಆಲ್ಫಾ ಸ್ಥಿತಿಗೆ ತಂದುಕೊಳ್ಳಬೇಕು, ಆಗ ಓದಿದ್ದು ನೆನಪಿನಲ್ಲಿ ಉಳಿಯುತ್ತದೆ" ಎಂದು ಅವರು ಹೇಳಿದರು. ಮಕ್ಕಳು ಬರೆದುಕೊಂಡರು.

ಆಗ ಮೂರನೆಯ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಮಿಸ್, ಆ ಅಲೆ ಎಲ್ಲಿಂದ ಬರುತ್ತೆ? ಒಳಗೆ ಯಾರು ತಾಳ ಹಾಕ್ತಾರೆ?"

"ಮಿದುಳಿನಿಂದ ಬರುತ್ತೆ. ಕೂತ್ಕೋಮ್ಮ, ಅದು ಪರೀಕ್ಷೆಗಿಲ್ಲ" ಎಂಬ ಉತ್ತರ ಬಂತು. ಹುಡುಗಿ ಕುಳಿತಳು. ಎಲ್ಲ ಸೇರಿ ಇಪ್ಪತ್ತು ಸೆಕೆಂಡು. ಪಾಠ ಮುಂದುವರಿಯಿತು. ನಾನು ಪುಸ್ತಕದಲ್ಲಿ ಹೀಗೆ ಬರೆದೆ: "ವಿಷಯ ನಿರೂಪಣೆ ಉತ್ತಮ. ಕಲಿಕೋಪಕರಣ ಆಕರ್ಷಕ. ಕಪ್ಪುಹಲಗೆಯ ಬಳಕೆ ಸುಧಾರಿಸಲಿ." 50ಕ್ಕೆ 42 ಅಂಕ ಕೊಟ್ಟು ಸಹಿ ಹಾಕಿದೆ.

ಊಟದ ಬಿಡುವಿನಲ್ಲಿ ಆ ಪ್ರಶಿಕ್ಷಣಾರ್ಥಿ ಜಗಲಿಯಲ್ಲಿ ನನ್ನ ಬಳಿ ಬಂದರು. "ಸರ್, ಆ ಹುಡುಗಿ ಕೇಳಿದ್ದಕ್ಕೆ ಏನು ಹೇಳಬೇಕಿತ್ತು?" ನನಗೂ ಗೊತ್ತಿರಲಿಲ್ಲ. "ನೋಡಿ ಹೇಳ್ತೀನಮ್ಮ" ಎಂದೆ. ಹೀಗೆ ಹೇಳಿ ಮರೆಯುವುದು ನಮ್ಮ ವೃತ್ತಿಯ ಹಳೆಯ ರೋಗ. ಈ ಬಾರಿ ಮರೆಯಲಿಲ್ಲ. ನೋಡಿದ್ದರಿಂದ ನನ್ನ ಕೆಲವು ಅಭಿಪ್ರಾಯಗಳು ಬದಲಾದವು. ಅವನ್ನು ಸಹೋದ್ಯೋಗಿಗಳ ಮತ್ತು ಪ್ರಶಿಕ್ಷಣಾರ್ಥಿಗಳ ಮುಂದೆ ಇಡುತ್ತಿದ್ದೇನೆ.

ಮೊದಲು ಚಾರ್ಟಿನ ವಿಷಯ. ಮನುಷ್ಯನ ತಲೆಯ ಮೇಲಿಂದ ಮಿದುಳಿನ ವಿದ್ಯುತ್ ಚಟುವಟಿಕೆಯನ್ನು ಮೊದಲು ದಾಖಲಿಸಿದವರು ಜರ್ಮನಿಯ ಯೇನಾ ನಗರದ ಮನೋವೈದ್ಯ ಹಾನ್ಸ್ ಬರ್ಗರ್. ದಾಖಲಿಸಿದ್ದು 1924ರಲ್ಲಿ, ಪ್ರಕಟಿಸಿದ್ದು 1929ರಲ್ಲಿ. ಯೌವನದಲ್ಲಿ ಅವರು ಸೈನ್ಯದ ತರಬೇತಿಯಲ್ಲಿದ್ದಾಗ ಕುದುರೆಯಿಂದ ಬಿದ್ದು ಸಾವಿನಿಂದ ಪಾರಾಗಿದ್ದರು. ಅದೇ ದಿನ ದೂರದ ಊರಿನಲ್ಲಿದ್ದ ಅಕ್ಕನಿಗೆ ತಮ್ಮನಿಗೇನೋ ಆಗಿದೆ ಎಂಬ ಆತಂಕ ಹುಟ್ಟಿ ಮನೆಯಿಂದ ತಂತಿ ಬಂದಿತ್ತು. ಮನಸ್ಸಿನಿಂದ ಮನಸ್ಸಿಗೆ ಏನೋ ಶಕ್ತಿ ಹರಿಯುತ್ತದೆ ಎಂದು ನಂಬಿ ಅವರು ಹುಡುಕಾಟಕ್ಕೆ ಹೊರಟರು. ಅಂಥ ಶಕ್ತಿ ಸಿಗಲಿಲ್ಲ. ಸಿಕ್ಕಿದ್ದು ಸೆಕೆಂಡಿಗೆ ಸುಮಾರು ಹತ್ತು ಬಾರಿ ಏರಿಳಿಯುವ ಒಂದು ಲಯ. ಕಣ್ಣು ಮುಚ್ಚಿ ಆರಾಮವಾಗಿ ಕುಳಿತಾಗ ಅದು ಎದ್ದು ಕಾಣುತ್ತಿತ್ತು, ಕಣ್ಣು ತೆರೆದೊಡನೆ ಕುಗ್ಗುತ್ತಿತ್ತು. ಅದೇ ಆಲ್ಫಾ. ಹಲವರು ನಂಬಲಿಲ್ಲ. 1934ರಲ್ಲಿ ಕೇಂಬ್ರಿಜ್‌ನಲ್ಲಿ ಏಡ್ರಿಯನ್ ಮತ್ತು ಮ್ಯಾಥ್ಯೂಸ್ ಅದೇ ಪ್ರಯೋಗ ಮಾಡಿ ನೋಡಿದ ಮೇಲೆ ಜಗತ್ತು ಒಪ್ಪಿತು.

ಅಂದರೆ ಆಲ್ಫಾ ಲಯದ ಬಗ್ಗೆ ಮನುಷ್ಯನಿಗೆ ತಿಳಿದ ಮೊತ್ತಮೊದಲ ಸಂಗತಿಯೇ ಇದು: ಪುಸ್ತಕ ನೋಡಲು ಕಣ್ಣು ತೆರೆದರೆ ಅದು ತಗ್ಗುತ್ತದೆ. "ಆಲ್ಫಾ ಸ್ಥಿತಿಯಲ್ಲಿ ಓದಿ" ಎಂಬ ಬುದ್ಧಿಮಾತು ಈ ಮೊದಲ ಸಂಗತಿಯ ಎದುರೇ ನಿಲ್ಲುವುದಿಲ್ಲ. ಅದನ್ನು ನಾನು ಕೊನೆಯ ಬೆಂಚಿನಿಂದ ಕೇಳಿ "ಉತ್ತಮ" ಎಂದು ಬರೆದೆ.

ಇನ್ನು ಹುಡುಗಿಯ ಪ್ರಶ್ನೆ. ಲಯ ಎಲ್ಲಿಂದ ಹುಟ್ಟುತ್ತದೆ? ಬರ್ಗರ್ ಕಂಡದ್ದು ಲಯದ ಆಕಾರ ಮಾತ್ರ. ಅದನ್ನು ಯಾರು, ಹೇಗೆ ಉಂಟುಮಾಡುತ್ತಾರೆ ಎಂಬುದು ತಲೆಯ ಹೊರಗಿನ ತಂತಿಗೆ ಕಾಣುವುದಿಲ್ಲ. ಮನುಷ್ಯನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಒಂದು ನರಕೋಶದ ಸದ್ದು ತಲೆಬುರುಡೆ ದಾಟಿ ಬರುವುದಿಲ್ಲ. ಅಕ್ಕಪಕ್ಕದಲ್ಲಿ ಒಂದೇ ದಿಕ್ಕಿಗೆ ನಿಂತ ಸಾವಿರಾರು ಕೋಶಗಳಲ್ಲಿ ಏಕಕಾಲಕ್ಕೆ ಸಣ್ಣ ಪ್ರವಾಹ ಹರಿದಾಗ ಮಾತ್ರ ನೆತ್ತಿಯ ಮೇಲೆ ಕೆಲವು ಹತ್ತು ಮೈಕ್ರೋವೋಲ್ಟ್‌ಗಳಷ್ಟು ಏರಿಳಿತ ಕಾಣುತ್ತದೆ. 50 ಮೈಕ್ರೋವೋಲ್ಟ್ ಎಂದರೆ ಟಾರ್ಚಿನ 1.5 ವೋಲ್ಟ್ ಬ್ಯಾಟರಿಯ 30,000ದಲ್ಲಿ ಒಂದು ಪಾಲು. ಜಾತ್ರೆಯ ಗದ್ದಲವನ್ನು ಊರ ಹೊರಗೆ ನಿಂತು ಕೇಳಿದ ಹಾಗೆ. ಗದ್ದಲ ಏರಿತು, ಇಳಿಯಿತು ಎಂದು ಹೇಳಬಹುದು. ಯಾರು ಯಾರಿಗೆ ಏನು ಹೇಳಿದರು ಎಂದು ಹೇಳಲಾಗದು. ಆರೋಗ್ಯವಂತನ ತಲೆ ತೆರೆದು ನೋಡುವ ಹಾಗೂ ಇಲ್ಲ.

ಇಲ್ಲಿಯೇ ಗಣಕ ಮಾದರಿಯ ಕೆಲಸ ಶುರುವಾಗುತ್ತದೆ. 1952ರಲ್ಲಿ ಹಾಜ್ಕಿನ್ ಮತ್ತು ಹಕ್ಸ್‌ಲಿ ಎಂಬಿಬ್ಬರು ಸ್ಕ್ವಿಡ್ ಎಂಬ ಸಮುದ್ರಜೀವಿಯ ದಪ್ಪ ನರತಂತುವಿನಲ್ಲಿ ವಿದ್ಯುತ್ ಸಂಕೇತ ಹೇಗೆ ಹುಟ್ಟುತ್ತದೆ ಎಂಬುದನ್ನು ಸಮೀಕರಣಗಳಲ್ಲಿ ಬರೆದರು. ಕೇಂಬ್ರಿಜ್‌ನ ಗಣಕ ಆಗ ಬಳಕೆಗೆ ಸಿಗದೆ, ಹಕ್ಸ್‌ಲಿ ಕೈಯಿಂದ ತಿರುಗಿಸುವ ಲೆಕ್ಕದ ಯಂತ್ರದಲ್ಲಿ ವಾರಗಟ್ಟಲೆ ಲೆಕ್ಕ ಮಾಡಿದರು. ಸಮೀಕರಣ ಕೊಟ್ಟ ಸಂಕೇತವೂ ನರತಂತುವಿನ ಸಂಕೇತವೂ ಹೊಂದಿದವು. 1963ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. 1972ರಲ್ಲಿ ವಿಲ್ಸನ್ ಮತ್ತು ಕೋವನ್ ಒಂದೊಂದು ಕೋಶವನ್ನು ಬಿಟ್ಟು ಗುಂಪುಗಳನ್ನು ಲೆಕ್ಕಕ್ಕೆ ತೆಗೆದುಕೊಂಡರು. ಒಂದು ಗುಂಪು ಇತರರನ್ನು ಪ್ರಚೋದಿಸುತ್ತದೆ, ಇನ್ನೊಂದು ತಡೆಯುತ್ತದೆ. ಈ ಎರಡು ಗುಂಪುಗಳನ್ನು ಒಂದಕ್ಕೊಂದು ಜೋಡಿಸಿದರೆ, ಕೆಲವು ಸ್ಥಿತಿಗಳಲ್ಲಿ, ಹೊರಗಿನಿಂದ ಯಾವ ತಾಳವನ್ನೂ ಕೊಡದೆಯೇ ಏರಿಳಿತ ತಾನಾಗಿ ಹುಟ್ಟುತ್ತದೆ.

ಓದಿದಾಗ ಅರ್ಥವಾದಂತೆ ಅನ್ನಿಸಿತು. ಕಲಿಸಲು ಹೊರಟರೆ ಅರ್ಥವಾಗಿರಲಿಲ್ಲ. ಆದ್ದರಿಂದ ಕಾಲೇಜಿನಲ್ಲಿ ಒಂದು ಮಧ್ಯಾಹ್ನ ವಿಜ್ಞಾನ ವಿಭಾಗದ 24 ಪ್ರಶಿಕ್ಷಣಾರ್ಥಿಗಳನ್ನು ಕೂರಿಸಿ ಒಂದು ಆಟ ಆಡಿಸಿದೆ. ಹದಿನಾರು ಜನ ಪ್ರಚೋದಕರು. ಅವರಿಗೆ ಒಂದೇ ನಿಯಮ: ಯಾರ ಕೈಯೂ ಮೇಲಿಲ್ಲದಿದ್ದರೆ ಚಪ್ಪಾಳೆ ತಟ್ಟಿ, ಕೈ ಕಂಡರೆ ನಿಲ್ಲಿಸಿ. ಎಂಟು ಜನ ನಿರೋಧಕರು. ಅವರಿಗೂ ಒಂದೇ ನಿಯಮ: ಚಪ್ಪಾಳೆ ಕೇಳಿದ ಕೂಡಲೇ ಕೈ ಎತ್ತಿ, ಮನಸ್ಸಿನಲ್ಲೇ ಎರಡು ಎಣಿಸಿ, ಇಳಿಸಿ. ಮೊದಲು ಗಲಾಟೆಯಾಯಿತು. ನಾಲ್ಕೈದು ಸುತ್ತಿನ ಹೊತ್ತಿಗೆ ಚಪ್ಪಾಳೆ, ಮೌನ, ಚಪ್ಪಾಳೆ, ಮೌನ ಎಂದು ಕೋಣೆ ಒಂದಾಗಿ ಮಿಡಿಯತೊಡಗಿತು. "ಎರಡರ ಬದಲು ನಾಲ್ಕು ಎಣಿಸಿ" ಎಂದೆ. ಲಯ ನಿಧಾನವಾಯಿತು. "ನಿರೋಧಕರು ಎದ್ದು ಹೊರಗೆ ಹೋಗಿ" ಎಂದೆ. ಬರೀ ಚಟಪಟ ಸದ್ದು ಉಳಿಯಿತು, ಲಯ ಹೋಯಿತು. "ಸರ್, ಯಾರೂ ತಾಳ ಹಾಕಲಿಲ್ಲ, ಆದರೂ ತಾಳ ಬಂತು!" ಎಂದು ಹಿಂದಿನ ಸಾಲಿನಿಂದ ಒಬ್ಬರು ಕೂಗಿದರು. ಹುಡುಗಿಯ ಪ್ರಶ್ನೆಗೆ ಬೇಕಾಗಿದ್ದ ಉತ್ತರ ಇದೇ.

ನಿಜವಾದ ಮಿದುಳಿನಲ್ಲಿ ಸೆಕೆಂಡಿಗೆ 30ಕ್ಕಿಂತ ಹೆಚ್ಚು ಬಾರಿ ಮಿಡಿಯುವ ಗಾಮಾ ಲಯದ ಕುರಿತ ಮಾದರಿಗಳು ಹೆಚ್ಚುಕಡಿಮೆ ಈ ಆಟದಂತೆಯೇ ಕೆಲಸ ಮಾಡುತ್ತವೆ. ನಿರೋಧಕ ಕೋಶದ ಪ್ರಭಾವ ಎಷ್ಟು ಹೊತ್ತು ಉಳಿಯುತ್ತದೆಯೋ ಅದು ಲಯದ ವೇಗವನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ. ಹಾಗಾದರೆ ಆ ಪ್ರಭಾವವನ್ನು ಹಿಗ್ಗಿಸುವ ಔಷಧ ಹಾಕಿದರೆ ಲಯ ನಿಧಾನವಾಗಬೇಕು. 1995ರಲ್ಲಿ ವಿಟಿಂಗ್ಟನ್, ಟ್ರಾಬ್ ಮತ್ತು ಜೆಫ್ರಿಸ್ ಇಲಿಯ ಮಿದುಳಿನ ತುಣುಕುಗಳಲ್ಲಿ ನೋಡಿದರು, ನಿಧಾನವಾಯಿತು. ಎರಡರ ಬದಲು ನಾಲ್ಕು ಎಣಿಸಿದ ಹಾಗೆ.

ಆದರೆ ಇಲ್ಲಿ ಎಚ್ಚರ ಬೇಕು. ಮಾದರಿ ಕೊಟ್ಟ ಲಯವೂ ಮಿದುಳಿನ ಲಯವೂ ಹೊಂದಿದರೆ ಸಾಕೇ? ಆಲ್ಫಾ ಲಯದ ಕತೆ ಸಾಲದು ಎನ್ನುತ್ತದೆ. 1974ರಲ್ಲಿ ಲೋಪೆಸ್ ಡ ಸಿಲ್ವ ಮತ್ತು ಸಂಗಡಿಗರು ಮಿದುಳಿನ ನಡುವಿರುವ ಥಲಾಮಸ್‌ನಲ್ಲಿ ಆ ಲಯ ಹುಟ್ಟುವ ಮಾದರಿ ಮಾಡಿದರು. ಅದರಲ್ಲಿ ಹತ್ತರ ಲಯ ಬಂತು. ಮಿದುಳಿನ ಹೊರಪದರವನ್ನೇ ಮೂಲವೆಂದು ಹಿಡಿದ ಬೇರೆ ಮಾದರಿಗಳಲ್ಲೂ ಹತ್ತರ ಲಯ ಬಂತು. ಚಿಕಿತ್ಸೆಗಾಗಿ ಮಿದುಳಿನೊಳಗೆ ತಂತಿ ಇಳಿಸಿದ್ದ ಅಪಸ್ಮಾರ ರೋಗಿಗಳಲ್ಲಿ ನೋಡಿದಾಗ ಹೊರಪದರವೇ ಮುಂದೆ, ಥಲಾಮಸ್ ಹಿಂದೆ ಎಂಬಂತೆ ಕಂಡಿತೆಂದು 2019ರಲ್ಲಿ ವರದಿಯಾಯಿತು. ಚರ್ಚೆ ಮುಗಿದಿಲ್ಲ.

ಇದು ನಮಗೆ ಹೊಸದಲ್ಲ. 16/64ನ್ನು ಸಂಕ್ಷೇಪಿಸು ಎಂದರೆ ಒಬ್ಬ ಹುಡುಗ ಮೇಲಿನ ಆರನ್ನೂ ಕೆಳಗಿನ ಆರನ್ನೂ ಹೊಡೆದುಹಾಕಿ 1/4 ಎಂದು ಬರೆಯುತ್ತಾನೆ. ಉತ್ತರ ಸರಿ, ದಾರಿ ತಪ್ಪು. ಅದನ್ನು ಪತ್ತೆ ಮಾಡಲು ಜಾಣ ಶಿಕ್ಷಕ ಏನು ಮಾಡುತ್ತಾರೆ? ಇನ್ನೊಂದು ಲೆಕ್ಕ ಕೊಡುತ್ತಾರೆ: 13/39. ಮೂರನ್ನು ಹೊಡೆದುಹಾಕಿ 1/9 ಎಂದು ಬರೆದರೆ ಗುಟ್ಟು ಹೊರಬೀಳುತ್ತದೆ, ಸರಿಯುತ್ತರ 1/3. ಗಣಕ ಮಾದರಿ ಮಾಡುವವರೂ ಅದನ್ನೇ ಮಾಡುತ್ತಾರೆ. ಮಾದರಿ ಈಗಾಗಲೇ ಕಂಡ ಲಯವನ್ನು ಕೊಟ್ಟರೆ ತೃಪ್ತರಾಗದೆ, ಇನ್ನೂ ನೋಡದ ಒಂದನ್ನು ಮುಂಚಿತವಾಗಿ ಹೇಳು ಎಂದು ಕೇಳುತ್ತಾರೆ. ಆಮೇಲೆ ಪ್ರಯೋಗಕ್ಕೆ ಹೋಗುತ್ತಾರೆ.

ನನ್ನನ್ನು ಹೆಚ್ಚು ಕಾಡಿದ್ದು ಬೀಟಾ ಲಯದ ಕೆಲಸ. ಸೆಕೆಂಡಿಗೆ 13ರಿಂದ 30ರವರೆಗಿನ ಈ ಲಯ ಒಂದೇ ಸಮನೆ ಹರಿಯುವ ಅಲೆ ಎಂದು ಬಹುಕಾಲ ಚಿತ್ರಿಸುತ್ತಿದ್ದರು. ನಮ್ಮ ಚಾರ್ಟಿನಲ್ಲೂ ಹಾಗೆಯೇ ಇತ್ತು. ಅದಕ್ಕೆ ಕಾರಣ ಸರಾಸರಿ. ಒಂದೇ ಪ್ರಯೋಗವನ್ನು ನೂರಾರು ಬಾರಿ ಮಾಡಿ, ಪ್ರತಿ ಬಾರಿಯ ಲಯದ ಬಲವನ್ನು ಕೂಡಿಸಿ ಭಾಗಿಸಿದಾಗ ಉದ್ದನೆಯ ಪಟ್ಟಿಯಂತೆ ಬೀಟಾ ಕಾಣುತ್ತದೆ. ಒಂದೊಂದು ಬಾರಿಯದನ್ನೂ ಬಿಡಿಯಾಗಿ ನೋಡಿದರೆ ಅಂಥ ಪಟ್ಟಿ ಎಲ್ಲಿಯೂ ಇಲ್ಲ. ಅಲ್ಲೊಂದು ಇಲ್ಲೊಂದು ಕ್ಷಣಿಕ ಚಿಮ್ಮು ಮಾತ್ರ, ಸೆಕೆಂಡಿನ ಆರನೆಯ ಒಂದು ಭಾಗವೂ ಇಲ್ಲದ್ದು. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸ್ಟೆಫನಿ ಜೋನ್ಸ್ ಮತ್ತು ಸಂಗಡಿಗರು ಇಂಥ ಚಿಮ್ಮು ಹೇಗೆ ಹುಟ್ಟಬಹುದು ಎಂದು ಗಣಕ ಮಾದರಿಯಲ್ಲಿ ಹುಡುಕಿದರು. ಹೊರಪದರದ ಕೋಶಗಳ ಬುಡದ ಕಡೆಗೂ ತುದಿಯ ಕಡೆಗೂ ಒಟ್ಟಿಗೆ ಸಂಕೇತ ಬಂದು, ತುದಿಯ ಸಂಕೇತ ಬಲವಾಗಿದ್ದು ಸುಮಾರು 50 ಮಿಲಿಸೆಕೆಂಡು ಮಾತ್ರ ಇದ್ದರೆ ಅದೇ ಆಕಾರದ ಚಿಮ್ಮು ಬರುತ್ತದೆ ಎಂದು ಮಾದರಿ ಹೇಳಿತು. ಇಲಿ ಮತ್ತು ಕೋತಿಗಳ ಮಿದುಳಿನ ಪದರಗಳಲ್ಲಿ ಅಳೆದು ನೋಡಿದಾಗ ಅದಕ್ಕೆ ಬೆಂಬಲ ಸಿಕ್ಕಿತು. ಇದು 2016ರಲ್ಲಿ ಪ್ರಕಟವಾಯಿತು. ಮರುವರ್ಷ ಅದೇ ತಂಡ ಇನ್ನೊಂದು ಸಂಗತಿ ತೋರಿಸಿತು: ಬೆರಳಿಗೆ ಹಗುರ ಸ್ಪರ್ಶ ಬರುವ ಮುಂಚಿನ ಒಂದು ಸೆಕೆಂಡಿನಲ್ಲಿ ಇಂಥ ಚಿಮ್ಮುಗಳು ಹೆಚ್ಚಿದ್ದರೆ ಆ ಸ್ಪರ್ಶ ಗಮನಕ್ಕೆ ಬಾರದೆ ಹೋಗುವ ಸಾಧ್ಯತೆ ಹೆಚ್ಚು. ಅಂದರೆ ಮುಖ್ಯವಾದದ್ದು ಕ್ಷಣದಲ್ಲಿತ್ತು, ಸರಾಸರಿ ಅದನ್ನು ನುಂಗಿಹಾಕಿತ್ತು.

ಇದನ್ನು ಓದಿದ ರಾತ್ರಿ ನನಗೆ ನನ್ನ 42 ನೆನಪಾಯಿತು. ಪೀಠಿಕೆಗೆ ಇಷ್ಟು, ನಿರೂಪಣೆಗೆ ಇಷ್ಟು, ಉಪಕರಣಕ್ಕೆ ಇಷ್ಟು, ಪ್ರಶ್ನಿಸುವ ಕೌಶಲಕ್ಕೆ ಇಷ್ಟು, ಒಟ್ಟು 42. ನಲವತ್ತು ನಿಮಿಷದ ಪಾಠದಲ್ಲಿ ನಿಜವಾಗಿ ಏನಾದರೂ ಘಟಿಸಿದ್ದು ಆ ಇಪ್ಪತ್ತು ಸೆಕೆಂಡಿನಲ್ಲಿ. ಒಂದು ಮಗು ಅಲೆಯ ಚಿತ್ರ ನೋಡಿ ಅದರ ಹಿಂದಿನ ಕಾರಣ ಕೇಳಿತು. ಬರ್ಗರ್ ನಂತರ ವಿಜ್ಞಾನಿಗಳು ಕೇಳುತ್ತಲೇ ಬಂದಿರುವ ಪ್ರಶ್ನೆ ಅದು. ನನ್ನ ಪುಸ್ತಕದಲ್ಲಿ ಅದಕ್ಕೆ ಒಂದು ಸಾಲಿನ ಜಾಗವೂ ಇರಲಿಲ್ಲ. ತಪ್ಪು ಪ್ರಶಿಕ್ಷಣಾರ್ಥಿಯದಲ್ಲ. ಪಾಠಯೋಜನೆಯನ್ನು ಮುಗಿಸಿದರೆ ಅಂಕ, ಮಗುವಿನ ಪ್ರಶ್ನೆಗೆ ನಿಂತರೆ ಸಮಯಪಾಲನೆಯಲ್ಲಿ ಕಡಿತ ಎಂದು ಅವರಿಗೆ ಕಲಿಸಿದ್ದು ನಾವೇ.

ನನ್ನ ಅಭಿಪ್ರಾಯ ಇಷ್ಟೇ: ‘ಮಾದರಿ’ ಎಂಬ ಪದವನ್ನು ನಾವು ಬೋಧನಾಭ್ಯಾಸದಲ್ಲಿ ಕೆಡಿಸಿದ್ದೇವೆ. ನಮಗೆ ಮಾದರಿ ಎಂದರೆ ಥರ್ಮಾಕೋಲಿನಲ್ಲಿ ಮಾಡಿ, ಬಣ್ಣ ಬಳಿದು, ಪ್ರದರ್ಶನದ ನಂತರ ಬೀರುವಿನ ಮೇಲೆ ಇಡುವ ವಸ್ತು. ಇಲ್ಲವೇ ಮಾದರಿ ಪಾಠ, ಅಂದರೆ ಉಪನ್ಯಾಸಕರು ಮಾಡಿ ತೋರಿಸಿದ್ದನ್ನು ಹಾಗೆಯೇ ಅನುಸರಿಸುವುದು. ಎರಡರಲ್ಲೂ ಪ್ರಶ್ನೆಗೆ ಎಡೆಯಿಲ್ಲ. ಮಿದುಳಿನ ಲಯವನ್ನು ಅರಿಯಲು ಹೊರಟವರ ಮಾದರಿ ಬೇರೆ ಬಗೆಯದು. ಅದನ್ನು ಮಾಡುವುದೇ ಬದಲಿಸಿ ನೋಡಲು, ಎಲ್ಲಿ ಮುರಿಯುತ್ತದೆ ಎಂದು ಕಾಣಲು.

ಮೂರು ಸಲಹೆಗಳಿವೆ. ಒಂದು, ಪಾಠಯೋಜನೆಯಲ್ಲಿ ಯಾವುದೇ ಮಾದರಿ ಬಳಸಿದರೂ ಮೂರು ಪ್ರಶ್ನೆಗಳಿಗೆ ಉತ್ತರ ಬರೆಯಲಿ: ಇದು ಯಾವ ನಿಯಮದಿಂದ ನಡೆಯುತ್ತದೆ? ಒಂದು ಅಂಶ ಬದಲಿಸಿದರೆ ಏನಾಗುತ್ತದೆ? ಎಲ್ಲಿ ಇದು ನಿಜವನ್ನು ಹೋಲುವುದಿಲ್ಲ? ನನ್ನ ಚಪ್ಪಾಳೆ ಆಟಕ್ಕೂ ಮೂರನೆಯ ಪ್ರಶ್ನೆ ಅನ್ವಯಿಸುತ್ತದೆ. ಅಲ್ಲಿ ಕುಳಿತವರು ನಿಯಮ ಕೇಳಿ ಪಾಲಿಸಿದ ಮನುಷ್ಯರು. ನರಕೋಶಕ್ಕೆ ಎಣಿಸಲು ಬರುವುದಿಲ್ಲ. ಅಲ್ಲಿ ಎಣಿಕೆಯ ಕೆಲಸ ಮಾಡುವುದು ರಾಸಾಯನಿಕ ಕ್ರಿಯೆಗೆ ಹಿಡಿಯುವ ಸಮಯ. ಇದನ್ನು ಹೇಳದಿದ್ದರೆ ಮಿದುಳಿನೊಳಗೆ ಪುಟ್ಟ ಪುಟ್ಟ ಮನುಷ್ಯರಿದ್ದಾರೆ ಎಂದು ಮಗು ತಿಳಿದೀತು.

ಎರಡು, ಅವಲೋಕನ ಪುಸ್ತಕದಲ್ಲಿ ಅಂಕಗಳ ಪಟ್ಟಿಯ ಕೆಳಗೆ ‘ಒಂದು ಕ್ಷಣ’ ಎಂಬ ಖಾಲಿ ಜಾಗ ಇರಲಿ. ಪಾಠದಲ್ಲಿ ಮಗುವೊಂದು ಕೇಳಿದ ಒಂದು ಪ್ರಶ್ನೆ ಅಥವಾ ಮಾಡಿದ ಒಂದು ತಪ್ಪು, ಆಗ ಗಂಟೆ ಎಷ್ಟು, ಶಿಕ್ಷಕರು ಏನು ಮಾಡಿದರು ಎಂದು ಮಗುವಿನ ಮಾತಿನಲ್ಲೇ ಬರೆಯೋಣ. ಪಾಠೋತ್ತರ ಚರ್ಚೆ ಅಲ್ಲಿಂದಲೇ ಆರಂಭವಾಗಲಿ. ಅಂಕ ಬೇಡವೆನ್ನುತ್ತಿಲ್ಲ. ಸರಾಸರಿಗೂ ಉಪಯೋಗವಿದೆ. ಆದರೆ ಸರಾಸರಿಯಲ್ಲಿ ಕಂಡದ್ದು ಪಾಠದಲ್ಲಿ ನಡೆದೇ ಇತ್ತು ಎಂದು ನಂಬುವುದು ಬೇಡ.

ಮೂರು, ಮಿದುಳಿನ ಹೆಸರು ಹೇಳುವ ಯಾವುದೇ ಮಾತನ್ನು ಪಾಠಯೋಜನೆಗೆ ಸೇರಿಸುವ ಮುನ್ನ "ಇದು ಹೇಗೆ ತಿಳಿಯಿತು?" ಎಂದು ಕೇಳುವ ಅಭ್ಯಾಸ ಬೆಳೆಯಲಿ. ಇದು ಪಾಂಡಿತ್ಯದ ಮಾತಲ್ಲ, ಹಣದ ಮಾತೂ ಹೌದು. ಮಿದುಳಿನ ಅಲೆ ಹೆಚ್ಚಿಸುತ್ತೇವೆ, ನೆನಪಿನ ಶಕ್ತಿ ಏರಿಸುತ್ತೇವೆ ಎಂದು ಶುಲ್ಕ ಪಡೆಯುವ ತರಗತಿಗಳು ಊರೂರಿಗೆ ಬರುತ್ತವೆ. ಸೇರಿಸಬೇಕೋ ಬೇಡವೋ ಎಂದು ಕೂಲಿ ಮಾಡುವ ತಾಯಿ ಕೇಳುವುದು ಶಾಲೆಯ ಮೇಷ್ಟ್ರನ್ನೇ. ಆ ಮೇಷ್ಟ್ರ ಕೈಗೆ ನಾವು ಬಣ್ಣದ ಚಾರ್ಟನ್ನಷ್ಟೇ ಕೊಟ್ಟು ಕಳಿಸಿದ್ದರೆ ಅವರು ಏನು ಹೇಳಿಯಾರು?

ಆಕ್ಷೇಪಗಳು ಬರುತ್ತವೆ, ಕೆಲವು ಈಗಾಗಲೇ ಬಂದಿವೆ. "ಪಠ್ಯಕ್ರಮ ಮುಗಿಸುವುದೇ ಕಷ್ಟ, ಇದಕ್ಕೆ ಸಮಯವೆಲ್ಲಿ?" ಚಪ್ಪಾಳೆ ಆಟಕ್ಕೆ ಬೇಕಾದದ್ದು ಹದಿನೈದು ನಿಮಿಷ, ಕಂಪ್ಯೂಟರ್ ಬೇಕಿಲ್ಲ. ಮುಂದೆ ಹೋಗಬೇಕೆನ್ನುವವರಿಗೆ ಬ್ರೌನ್ ತಂಡದ ‘ಹ್ಯೂಮನ್ ನಿಯೋಕಾರ್ಟಿಕಲ್ ನ್ಯೂರೋಸಾಲ್ವರ್’ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಕಾಲೇಜಿಗೆ ಒಬ್ಬರು ಕಲಿತರೂ ಸಾಕು. "ಮಿದುಳು ವಿಜ್ಞಾನದಿಂದ ಪಾಠ ಮಾಡುವುದು ಹೇಗೆಂದು ತಿಳಿಯುತ್ತದೆಯೇ?" ಎಂಬುದು ಎರಡನೆಯ ಆಕ್ಷೇಪ. ನೇರವಾಗಿ ತಿಳಿಯುವುದಿಲ್ಲ, ಒಪ್ಪುತ್ತೇನೆ. ನರಕೋಶದಿಂದ ನೇರ ತರಗತಿಗೆ ಸೇತುವೆ ಕಟ್ಟಲು ಹೊರಡುವುದು ಅತಿಯಾಯಿತು ಎಂದು ಅಮೆರಿಕದ ಜಾನ್ ಬ್ರೂಯರ್ 1997ರಲ್ಲೇ ವಾದಿಸಿದರು. ನಾನು ಕೇಳುತ್ತಿರುವುದು ಆ ಸೇತುವೆಯನ್ನಲ್ಲ. ಬೀಟಾ ಚಿಮ್ಮಿನಿಂದ ಪಾಠಯೋಜನೆ ಬರೆಯಲು ಬಾರದು. ಆದರೆ ಆ ಚಿಮ್ಮನ್ನು ಕಂಡುಹಿಡಿದವರು ಯೋಚಿಸಿದ ಬಗೆಯನ್ನು ಕಲಿಸಬಹುದು. ಊಹೆಯನ್ನು ಸ್ಪಷ್ಟ ನಿಯಮವಾಗಿ ಬರೆಯುವುದು, ನಡೆಸಿ ನೋಡುವುದು, ಹೊಂದಿದರೂ ಅನುಮಾನಿಸುವುದು, ಸರಾಸರಿಯನ್ನು ಬಿಡಿಸಿ ಒಂದೊಂದನ್ನೂ ನೋಡುವುದು. ಇದು ವಿಜ್ಞಾನ ಬೋಧನೆಯ ತಿರುಳು.

ಬೋಧನಾಭ್ಯಾಸದ ಕೊನೆಯ ದಿನ ನಾನೂ ಆ ಪ್ರಶಿಕ್ಷಣಾರ್ಥಿಯೂ ಮುಖ್ಯೋಪಾಧ್ಯಾಯರನ್ನು ಕೇಳಿ ಅದೇ ತರಗತಿಗೆ ಒಂದು ಅವಧಿ ಪಡೆದೆವು. ಅವರೇ ಹಲಗೆಯ ಮುಂದೆ ನಿಂತು, "ಅವತ್ತು ಒಂದು ಪ್ರಶ್ನೆಗೆ ನಾನು ಸರಿಯಾಗಿ ಉತ್ತರ ಹೇಳಿರಲಿಲ್ಲ, ಓದುವಾಗ ಆಲ್ಫಾ ಬರಬೇಕು ಎಂದದ್ದೂ ತಪ್ಪು" ಎಂದು ಹೇಳಿ ಶುರುಮಾಡಿದರು. ಮಕ್ಕಳು ಬೆರಗಾಗಿ ನೋಡಿದರು. ಟೀಚರ್ ಒಬ್ಬರು ತಪ್ಪೆಂದು ಹೇಳುವುದನ್ನು ಅವರು ಹೆಚ್ಚು ಕೇಳಿರಲಿಲ್ಲವೆಂದು ಕಾಣುತ್ತದೆ. ಚಪ್ಪಾಳೆ ಆಟ ನಡೆಯಿತು. ಆ ಹುಡುಗಿ ನಿರೋಧಕರ ಗುಂಪಿನಲ್ಲಿದ್ದಳು. ಆಟ ಮುಗಿದ ಮೇಲೆ ಎದ್ದು ನಿಂತು, "ಮಿಸ್, ಅರ್ಧ ಜನ ಎರಡು ಎಣಿಸಿ, ಅರ್ಧ ಜನ ನಾಲ್ಕು ಎಣಿಸಿದರೆ?" ಎಂದು ಕೇಳಿದಳು.

ಪ್ರಶಿಕ್ಷಣಾರ್ಥಿ ನನ್ನ ಕಡೆ ತಿರುಗಿ ನೋಡಲಿಲ್ಲ. "ಗೊತ್ತಿಲ್ಲ. ಮಾಡಿ ನೋಡೋಣ, ಬಾ" ಎಂದರು. ನಾನು ಗಡಿಯಾರ ನೋಡಿ ಪುಸ್ತಕದಲ್ಲಿ ಹೊತ್ತನ್ನೂ, ಆ ಎರಡು ಮಾತುಗಳನ್ನೂ ಬರೆದುಕೊಂಡೆ. ಅಂಕದ ಕಲಂ ಅವತ್ತು ಖಾಲಿ ಉಳಿಯಿತು.